ಪೈಪ್ ಹೇಗೂ ಬದಲಿಸುತ್ತೀರಿ, ತೂಬನ್ನೂ ಬದಲಿಸಿ

ಪ್ರಶ್ನೆ: ನಮಸ್ಕಾರ ಸರ್. ನಾವು ಅಮೆರಿಕದ ಮೇರಿಲ್ಯಾಂಡ್‌ನಲ್ಲಿ, ಮಾಂಟ್ಗೊಮೆರಿ ಕೌಂಟಿಯ ಒಂದು ಬಡಾವಣೆಯಲ್ಲಿದ್ದೇವೆ. ಈ ವರ್ಷ ನನ್ನನ್ನು ಎಚ್‌ಒಎ, ಅಂದರೆ ಮನೆ ಮಾಲೀಕರ ಸಂಘದ ಬೋರ್ಡಿಗೆ ಹಾಕಿದ್ದಾರೆ. ಬಡಾವಣೆಯ ಕೆಳತುದಿಯಲ್ಲಿ 1980ರ ದಶಕದಲ್ಲಿ ಕಟ್ಟಿದ ಒಂದು ಡ್ರೈ ಪಾಂಡ್ ಇದೆ. ಮಳೆ ಬಂದಾಗ ಮಾತ್ರ ನೀರು, ಉಳಿದ ದಿನ ಹುಲ್ಲು. ಏರಿಯ ಅಡಿಯ ತಗಡಿನ ಪೈಪ್ ತುಕ್ಕು ಹಿಡಿದಿದೆ, ಅದನ್ನು ಬದಲಿಸುವಾಗ ಇಡೀ ಕೊಳವನ್ನೇ ರಿಟ್ರೋಫಿಟ್, ಅಂದರೆ ಈಗಿನ ಅಗತ್ಯಕ್ಕೆ ತಕ್ಕಂತೆ ಮಾರ್ಪಾಡು, ಮಾಡೋಣ ಎಂದು ಕೌಂಟಿಯವರು ಹೇಳುತ್ತಿದ್ದಾರೆ. ನಮ್ಮಲ್ಲಿ ಅರ್ಧ ಜನ ‘ಇಷ್ಟು ವರ್ಷ ಒಂದು ಸಲವೂ ತುಂಬಿ ಹರಿದಿಲ್ಲ, ಚೆನ್ನಾಗಿರೋದನ್ನ ಯಾಕೆ ಕೆಡಿಸ್ತೀರಿ’ ಅನ್ನುತ್ತಾರೆ. ಆದರೆ ಕೊಳದ ಕೆಳಗಿನ ಹಳ್ಳ ವರ್ಷ ವರ್ಷ ದಂಡೆ ಕುಸಿದು ಅಗಲ ಆಗುತ್ತಿದೆ, ಮರಗಳು ಬೀಳುತ್ತಿವೆ. ಈ ಹಳ್ಳ ಮುಂದೆ ಹೋಗಿ ಪೇಂಟ್ ಬ್ರಾಂಚ್ ಅನ್ನುವ ಹಳ್ಳ ಸೇರುತ್ತದೆ. ಕೊಳ ಸರಿ ಇದ್ದರೆ ಹಳ್ಳ ಯಾಕೆ ಹಾಳಾಗುತ್ತಿದೆ? ಪೈಪ್ ಮಾತ್ರ ಬದಲಿಸಿದರೆ ಸಾಲದಾ? ನೀರು ನಿಲ್ಲಿಸಿದರೆ ಸೊಳ್ಳೆ ಬರಲ್ವಾ?

ಉತ್ತರ: ಪೈಪ್ ಮಾತ್ರ ಬದಲಿಸಿದರೆ ಏರಿ ಉಳಿಯುತ್ತದೆ. ಹಳ್ಳ ಈಗಿನ ಹಾಗೆಯೇ ಕೊರೆದುಕೊಂಡು ಹೋಗುತ್ತದೆ. ಏರಿ ಅಗೆಯುವ ಕೆಲಸ ಹೇಗೂ ಬಂದಿದೆ, ಯಂತ್ರಗಳು ಹೇಗೂ ಬರುತ್ತವೆ. ಆ ಖರ್ಚಿನ ಜೊತೆಗೇ ತೂಬನ್ನೂ ಕೊಳದ ತಳವನ್ನೂ ಬದಲಿಸಿಕೊಳ್ಳಿ ಅನ್ನುವುದು ನನ್ನ ಸಲಹೆ. ಈಗ ಬಿಟ್ಟರೆ ಹೊಸ ಪೈಪಿನ ಆಯಸ್ಸು ಮುಗಿಯುವ ತನಕ ಯಾರೂ ಆ ಏರಿಯನ್ನು ಮುಟ್ಟುವುದಿಲ್ಲ. ಕಾಂಕ್ರೀಟ್ ಪೈಪ್ ಹಾಕಿದರೆ ಅದು ನಿಮ್ಮ ಮೊಮ್ಮಕ್ಕಳ ಕಾಲ.

‘ತುಂಬಿ ಹರಿದಿಲ್ಲ’ ಅನ್ನುವ ನಿಮ್ಮ ನೆರೆಯವರ ಮಾತು ಸುಳ್ಳಲ್ಲ. ಕೊಳ ಕಟ್ಟಿದ್ದೇ ಅದಕ್ಕೆ. ಮೇರಿಲ್ಯಾಂಡ್ 1982ರಲ್ಲಿ ಮಳೆನೀರಿನ ಕಾನೂನು ಮಾಡಿದ ಮೇಲೆ ಆ ಕಾಲದಲ್ಲಿ ಬಂದ ಇಂಥ ಕೊಳಗಳನ್ನು ಲೆಕ್ಕ ಹಾಕಿದ್ದು ದೊಡ್ಡ ಮಳೆಗಳಿಗೆ. ಎರಡು ವರ್ಷಕ್ಕೊಮ್ಮೆ ಬರಬಹುದಾದ ಮಳೆ ಅಂದರೆ ನಿಮ್ಮ ಕೌಂಟಿಯಲ್ಲಿ 24 ಗಂಟೆಗೆ ಸುಮಾರು 3.2 ಇಂಚು, ಅಂದರೆ 81 ಮಿ.ಮೀ. ಹತ್ತು ವರ್ಷಕ್ಕೊಮ್ಮೆಯದು 5.1 ಇಂಚು, ಸುಮಾರು 130 ಮಿ.ಮೀ. ಇಂಥ ಮಳೆಯ ಹೊತ್ತಿನಲ್ಲಿ ಹೊರಗೆ ಹೋಗುವ ನೀರಿನ ಗರಿಷ್ಠ ಹರಿವು, ಬಡಾವಣೆ ಬರುವ ಮುಂಚೆ ಇದ್ದಷ್ಟೇ ಇರಬೇಕು ಅನ್ನುವುದು ಆಗಿನ ನಿಯಮ. ಕೆಳಗಿನ ಮನೆಗೆ ನೀರು ನುಗ್ಗಬಾರದು, ರಸ್ತೆ ಮುಳುಗಬಾರದು ಅನ್ನುವುದು ಮುಖ್ಯ. ಸಣ್ಣ ಮಳೆಗಳಲ್ಲಿ ಹಳ್ಳಕ್ಕೆ ಏನಾಗುತ್ತದೆ ಅನ್ನುವುದು ಆ ಲೆಕ್ಕದಲ್ಲಿ ಇರಲಿಲ್ಲ.

ಈಗ ನಿಜವಾಗಿ ಬೀಳುವ ಮಳೆ ನೋಡಿ. ನಿಮ್ಮ ಕಡೆ ವರ್ಷಕ್ಕೆ ಸುಮಾರು 40 ಇಂಚಿನ ಮೇಲೆ ಮಳೆ, ಹೆಚ್ಚು ಕಮ್ಮಿ ಬೆಂಗಳೂರಿನಷ್ಟೇ. ಆದರೆ ಬೆಂಗಳೂರಿನ ಹಾಗೆ ಕೆಲವು ತಿಂಗಳಲ್ಲಿ ಸುರಿದು ಹೋಗುವುದಿಲ್ಲ, ಹನ್ನೆರಡು ತಿಂಗಳೂ ಸ್ವಲ್ಪ ಸ್ವಲ್ಪ ಬರುತ್ತದೆ. ಹತ್ತು ಸಲ ಮಳೆ ಬಂದರೆ ಅದರಲ್ಲಿ ಒಂಬತ್ತು ಸಲ ಒಂದು ಇಂಚು ಅಥವಾ ಅದಕ್ಕಿಂತ ಕಡಿಮೆ. 3 ಇಂಚಿನ ಮಳೆಗೆ ಅಂತ ಕೊರೆದ ತೂಬಿನ ಬಾಯಿಯಲ್ಲಿ ಈ ಮುಕ್ಕಾಲು ಇಂಚಿನ ಮಳೆ ನಿಲ್ಲುವುದೇ ಇಲ್ಲ. ರವೆ ಜರಡಿಯಲ್ಲಿ ಹಿಟ್ಟು ಹಿಡಿಯಲು ಹೊರಟ ಹಾಗೆ. ಒಂದು ಕಡೆಯಿಂದ ಬಂದ ನೀರು ಬಂದ ವೇಗದಲ್ಲೇ ಇನ್ನೊಂದು ಕಡೆಯಿಂದ ಹಳ್ಳಕ್ಕೆ ಬೀಳುತ್ತದೆ.

ಅಲ್ಲಿ ಮನೆಗಳಿಲ್ಲದೆ ಬರೀ ಕಾಡಿದ್ದಾಗ ಮುಕ್ಕಾಲು ಇಂಚಿನ ಮಳೆಯಲ್ಲಿ ಹಳ್ಳಕ್ಕೆ ಮೇಲ್ಹರಿವು ಅಂತ ಬರುತ್ತಿದ್ದದ್ದೇ ಕಡಿಮೆ. ಎಲೆಯ ಹಾಸು, ಬೇರು, ಸಡಿಲ ಮಣ್ಣು ಎಲ್ಲವನ್ನೂ ಕುಡಿದು ನಿಧಾನಕ್ಕೆ ಬುಗ್ಗೆಗಳಲ್ಲಿ ಬಿಡುತ್ತಿತ್ತು. ಒಂದು ಎಕರೆ ಡಾಂಬರು ಪಾರ್ಕಿಂಗ್‌ನಿಂದ ಹರಿಯುವ ನೀರು ಒಂದು ಎಕರೆ ಹುಲ್ಲುಗಾವಲಿನಿಂದ ಹರಿಯುವುದಕ್ಕಿಂತ ಸುಮಾರು 16 ಪಟ್ಟು ಜಾಸ್ತಿ. ಮೊದಲು ವರ್ಷಕ್ಕೊಂದೆರಡು ಸಲ ದಂಡೆಯುದ್ದಕ್ಕೂ ತುಂಬುತ್ತಿದ್ದ ಹಳ್ಳ ಈಗ ಪ್ರತಿ ಗುಡುಗು ಮಳೆಗೂ ಉಕ್ಕುತ್ತದೆ. ತಳ ಕೊರೆಯುತ್ತದೆ, ತಳ ಇಳಿದ ಮೇಲೆ ದಂಡೆ ನೆಟ್ಟಗಾಗುತ್ತದೆ, ನೆಟ್ಟಗಾದ ದಂಡೆ ಕುಸಿಯುತ್ತದೆ, ಮರದ ಬೇರು ಗಾಳಿಗೆ ಬೀಳುತ್ತದೆ. ನೀವು ನೋಡುತ್ತಿರುವುದು ಅದನ್ನೇ.

ಇನ್ನೊಂದು ವಿಷಯ ಎಷ್ಟೋ ಎಂಜಿನಿಯರುಗಳಿಗೂ ತಡವಾಗಿ ಹೊಳೆದದ್ದು. ದೊಡ್ಡ ಮಳೆಯಲ್ಲಿ ಕೊಳ ಗರಿಷ್ಠ ಹರಿವನ್ನು ತಗ್ಗಿಸುತ್ತದೆ, ಸರಿ. ಆದರೆ ಒಟ್ಟು ನೀರು ಕಡಿಮೆಯಾಗಿಲ್ಲ. ಅದೇ ನೀರನ್ನು ಮಣ್ಣು ಕೀಳುವಷ್ಟು ಬಲದಲ್ಲಿ ಗಂಟೆಗಟ್ಟಲೆ ಹೊರಗೆ ಬಿಡುತ್ತದೆ. ದಂಡೆಗೆ ಒಂದು ಜೋರು ಏಟಿನ ಬದಲು ಉದ್ದಕ್ಕೂ ಏಟು. ಹಾಗಾಗಿ ಈ ಕೊಳ ಕೆಲಸ ಮಾಡಿದಾಗಲೂ ಹಳ್ಳಕ್ಕೆ ಪೂರ್ತಿ ಒಳ್ಳೆಯದಾಗಿಲ್ಲ.

ಆ ದಂಡೆಯ ಮಣ್ಣಿನ ಬಗ್ಗೆಯೂ ಒಂದು ಮಾತು. ಈ ಭಾಗದ ಕಣಿವೆಗಳ ತಳದಲ್ಲಿ ಕೂತಿರುವ ನುಣುಪು ಮಣ್ಣಿನಲ್ಲಿ ಬಹಳಷ್ಟು 1700–1800ರ ಕಾಲದಲ್ಲಿ ಕಾಡು ಕಡಿದು ಹೊಗೆಸೊಪ್ಪು, ಮೆಕ್ಕೆಜೋಳ ಬೆಳೆದಾಗ ಗುಡ್ಡದಿಂದ ಕೊಚ್ಚಿ ಬಂದದ್ದು. ಗಿರಣಿಗಳಿಗೆ ನೀರು ತರಲು ಕಟ್ಟಿದ ಒಡ್ಡುಗಳ ಹಿಂದೆಯೂ ಇಂಥ ಮಣ್ಣು ರಾಶಿ ಬಿದ್ದಿದೆ. ಅದು ಸುಲಭವಾಗಿ ಕರಗುತ್ತದೆ, ಜೊತೆಗೆ ರಂಜಕವನ್ನೂ ಒಯ್ಯುತ್ತದೆ. ಪೇಂಟ್ ಬ್ರಾಂಚ್ ಅನಕಾಸ್ಟಿಯ ನದಿಗೆ, ಅಲ್ಲಿಂದ ಪೊಟೊಮ್ಯಾಕ್‌ಗೆ, ಕೊನೆಗೆ ಚೆಸಪೀಕ್ ಕೊಲ್ಲಿಗೆ. ಕೊಲ್ಲಿಗೆ ಹೋಗುವ ಸಾರಜನಕ, ರಂಜಕ, ಹೂಳು ಇಷ್ಟೇ ಇರಬೇಕು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ 2010ರ ಡಿಸೆಂಬರಿನಲ್ಲಿ ಮಿತಿ ಹಾಕಿತು. ಕೌಂಟಿಯ ಮಳೆನೀರಿನ ಪರ್ಮಿಟ್‌ನಲ್ಲೂ ಹಳೆಯ ಬಡಾವಣೆಗಳ ನೀರನ್ನು ಸರಿಪಡಿಸುವ ಗುರಿ ಇದೆ. ನಿಮ್ಮ ಕೊಳ ಸುಧಾರಿಸಿದರೆ ಕೌಂಟಿಗೆ ಅದರ ಲೆಕ್ಕ ಸಿಗುತ್ತದೆ. ಅವರಿಗೂ ಇದರಲ್ಲಿ ಸ್ವಾರ್ಥ ಇದೆ ಅನ್ನುವುದು ಮೀಟಿಂಗಿನಲ್ಲಿ ನೆನಪಿರಲಿ, ಮಾತುಕತೆಗೆ ಉಪಯೋಗಕ್ಕೆ ಬರುತ್ತದೆ.

ಡ್ರೈ ಪಾಂಡ್ ಎಷ್ಟು ಕೊಳೆ ಹಿಡಿಯುತ್ತದೆ ಅನ್ನುವುದಕ್ಕೆ ಕೊಲ್ಲಿಯನ್ನು ಸುಧಾರಿಸಲು ನಡೆಯುವ ಚೆಸಪೀಕ್ ಕಾರ್ಯಕ್ರಮದ ಅಂಕಿ ಇದೆ: ಸಾರಜನಕ ಶೇ. 5, ರಂಜಕ ಶೇ. 10, ಹೂಳು ಶೇ. 10. ಇಲ್ಲ ಅಂದರೂ ನಡೆಯುತ್ತದೆ ಅನ್ನುವಷ್ಟು. ಅದೇ ಕೊಳ ನೀರನ್ನು ತಡೆದು ನಿಧಾನಕ್ಕೆ ಬಿಟ್ಟರೆ ಹೂಳು ಶೇ. 60ರ ತನಕ ನಿಲ್ಲುತ್ತದೆ, ಸಾರಜನಕ, ರಂಜಕ ಶೇ. 20. ನೀರು ನಿಲ್ಲುವ ಕೊಳ ಅಥವಾ ಜೌಗು ಮಾಡಿದರೆ ರಂಜಕ ಶೇ. 45. ಜಾಗ ಅದೇ, ಏರಿ ಅದೇ. ಬದಲಾಗಿದ್ದು ಹೊರಗೆ ಹೋಗುವ ದಾರಿ ಮತ್ತು ತಳ.

ಪೈಪಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ತುರ್ತು ಇರುವುದು ಅದಕ್ಕೆ. ಆ ಕಾಲದಲ್ಲಿ ಹಾಕಿದ್ದು ಅಲೆಅಲೆಯಾದ ತಗಡಿನ ಪೈಪ್, ಇಲ್ಲಿನವರು ಸಿಎಂಪಿ ಅನ್ನುತ್ತಾರೆ. ಇದರ ಬಾಳಿಕೆ ಸಾಮಾನ್ಯವಾಗಿ 25–30 ವರ್ಷ. ತಳದಲ್ಲಿ ಸದಾ ಒದ್ದೆ ಇರುವುದರಿಂದ ಮೊದಲು ತುಕ್ಕು ಹಿಡಿಯುವುದು ಅಲ್ಲೇ. ತೂತು ಬಿದ್ದ ಮೇಲೆ ಏರಿಯ ಮಣ್ಣು ನೀರಿನ ಜೊತೆ ಚೂರು ಚೂರೇ ಪೈಪಿನೊಳಗೆ ಹೋಗುತ್ತದೆ. ಹೊರಗೆ ಏನೂ ಕಾಣುವುದಿಲ್ಲ, ಒಳಗೆ ಟೊಳ್ಳು ಬೆಳೆಯುತ್ತದೆ. ಒಂದು ದಿನ ಏರಿಯ ಮೇಲೆ ಗುಂಡಿ ಬೀಳುತ್ತದೆ. ಅದೃಷ್ಟ ಕೆಟ್ಟರೆ ಕೊಳ ತುಂಬಿದ ರಾತ್ರಿಯೇ ಏರಿ ಒಡೆಯುತ್ತದೆ.

ಈ ವಾರವೇ ಹೋಗಿ ಎರಡು ಜಾಗ ನೋಡಿ. ಪೈಪ್ ಹಾದು ಹೋಗುವ ನೇರಕ್ಕೆ ಏರಿಯ ಮೇಲೆ ನೆಲ ತಗ್ಗಾಗಿದೆಯಾ? ಹೊರಬಾಯಿಯ ಪಕ್ಕದಲ್ಲಿ, ಪೈಪಿನ ಹೊರಗಿನಿಂದ ನೀರು ಒಸರುತ್ತಿದೆಯಾ? ತಿಳಿನೀರು ಒಸರಿದರೆ ಕೌಂಟಿಗೆ ತಿಳಿಸಿ. ಕೆಸರು ನೀರು ಒಸರಿದರೆ ಅವತ್ತೇ ಫೋನ್ ಮಾಡಿ, ಮಕ್ಕಳನ್ನು ಏರಿಯ ಮೇಲೆ ಬಿಡಬೇಡಿ.

ಯಾರಾದರೂ ‘ಅಗೆಯುವುದೇ ಬೇಡ, ಹಳೆಯ ಪೈಪಿನೊಳಗೆ ಹೊಸ ಪ್ಲಾಸ್ಟಿಕ್ ಪೈಪ್ ತೂರಿಸಿ ಸಂದಿಗೆ ಗಾರೆ ತುಂಬಿಬಿಡೋಣ’ ಅನ್ನಬಹುದು. ಒಳ್ಳೆಯ ವಿಧಾನವೇ. ಅಗ್ಗ, ಬೇಗ ಮುಗಿಯುತ್ತದೆ. ಆದರೆ ಏರಿಯೊಳಗೆ ಟೊಳ್ಳು ಆಗಿಲ್ಲ ಎಂದು ಖಾತ್ರಿ ಇದ್ದಾಗ ಮಾತ್ರ, ಮತ್ತು ಸಣ್ಣದಾದ ಪೈಪ್ ದೊಡ್ಡ ಮಳೆಯನ್ನು ಸಾಗಿಸುತ್ತದೆ ಎಂದು ಲೆಕ್ಕ ತೋರಿಸಿದಾಗ ಮಾತ್ರ. ಹಾಗೆ ಮಾಡಿದರೂ ಕೊಳದೊಳಗೆ ನೆಟ್ಟಗೆ ನಿಂತಿರುವ ತೂಬು, ಅಂದರೆ ರೈಸರ್, ಬದಲಾಗಲೇಬೇಕು. ಅದೂ ಅದೇ ತಗಡು, ಅದೇ ವಯಸ್ಸು.

ಆ ರೈಸರ್‌ನಲ್ಲೇ ಇಡೀ ಕಥೆ ಇರುವುದು. ಒಂದು ಲೆಕ್ಕ ಮಾಡೋಣ. ನಿಮ್ಮ ಕೊಳಕ್ಕೆ 20 ಎಕರೆಯ ನೀರು ಬರುತ್ತದೆ, ಅದರಲ್ಲಿ ಶೇ. 40 ಭಾಗ ಮನೆಯ ಮಾಡು, ರಸ್ತೆ, ಡ್ರೈವ್‌ವೇ ಎಂದು ಇಟ್ಟುಕೊಳ್ಳಿ. ಮೇರಿಲ್ಯಾಂಡ್ ರಾಜ್ಯದ ಮಳೆನೀರು ಕೈಪಿಡಿಯ ಸೂತ್ರದ ಪ್ರಕಾರ ಒಂದು ಇಂಚು ಮಳೆಯಲ್ಲಿ ಹರಿದು ಬರುವ ಪಾಲು 0.05 ಕೂಡಿಸು 0.009 ಗುಣಿಸು 40, ಅಂದರೆ 0.41. ಲೀಟರಿನಲ್ಲಿ ಹೇಳಿದರೆ ಸುಮಾರು 8.4 ಲಕ್ಷ. ಈ ನೀರು ಒಂದು ಗಂಟೆಯಲ್ಲಿ ಹೊರಟು ಹೋದರೆ ಹಳ್ಳಕ್ಕೆ ಸೆಕೆಂಡಿಗೆ ಸರಾಸರಿ 230 ಲೀಟರಿನ ಮೇಲೆ ಬೀಳುತ್ತದೆ. ಅದನ್ನೇ 12 ಗಂಟೆಗೆ ಹಂಚಿದರೆ ಸೆಕೆಂಡಿಗೆ 20 ಲೀಟರಿಗೂ ಕಡಿಮೆ. ಎರಡನೆಯದರಲ್ಲಿ ಹಳ್ಳದ ತಳದ ಕಲ್ಲು ಅಲುಗುವುದಿಲ್ಲ.

ಇದಕ್ಕೆ ಬೇಕಾದ ತೂತು ಎಷ್ಟು ದೊಡ್ಡದು ಗೊತ್ತಾ? ಎರಡಡಿ ನೀರು ನಿಂತಿದೆ ಅಂದುಕೊಂಡರೆ ನಾಲ್ಕೂವರೆ ಇಂಚು, ಅಷ್ಟೇ. ಹಳೆಯ ರೈಸರ್‌ಗಳಲ್ಲಿ ತಳದ ಬಾಯಿಯೇ ಒಂದೂವರೆ, ಎರಡು ಅಡಿ ಇರುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಹೊಸದರಲ್ಲಿ ತಳಕ್ಕೆ ಸಣ್ಣ ತೂತು, ಅದರ ಮೇಲೆ ಎರಡು ವರ್ಷದ ಮಳೆಗೆ ಒಂದು ಕಿಂಡಿ, ಇನ್ನೂ ಮೇಲೆ ಹತ್ತು ವರ್ಷದ ಮಳೆಗೆ, ಅದನ್ನೂ ಮೀರಿದರೆ ಕೋಡಿ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ.

ಸಣ್ಣ ತೂತು ಅಂದ ಕೂಡಲೇ ನಿಮ್ಮ ನಿರ್ವಹಣೆ ಕಮಿಟಿಯವರು ‘ಕಟ್ಟಿಕೊಳ್ಳುತ್ತೆ’ ಅನ್ನುತ್ತಾರೆ. ನಿಜ. ಒಂದು ನೀರಿನ ಬಾಟಲಿ, ಒಂದು ಹಿಡಿ ಓಕ್ ಎಲೆ ಸಾಕು. ತೂತಿನ ಮುಂದೆ ಸುಮ್ನೆ ಒಂದು ಜಾಲರಿ ಹೊಡೆದರೆ ಜಾಲರಿಯೇ ಕಟ್ಟಿಕೊಳ್ಳುತ್ತದೆ. ಇದಕ್ಕೆ ಚೆನ್ನಾದ ಉಪಾಯ ಏನೆಂದರೆ ರೈಸರ್ ಮುಂದೆ ಒಂದು ಪುಟ್ಟ ಆಳದ ಗುಂಡಿ ಮಾಡಿ, ಪೈಪಿನ ಬಾಯಿಯನ್ನು ಆ ನೀರಿನ ಮಟ್ಟದಿಂದ ಒಂದಡಿಯಷ್ಟು ಕೆಳಗೆ ಇಡುವುದು. ಪೈಪ್ ಅಲ್ಲಿಂದ ಮೇಲಕ್ಕೆ ಓರೆಯಾಗಿ ಏರಿ ರೈಸರ್ ಸೇರುತ್ತದೆ. ಕಸ ತೇಲುತ್ತದೆ, ಹೂಳು ತಳದಲ್ಲಿ ಕೂರುತ್ತದೆ, ನಡುವಿನ ನೀರು ಮಾತ್ರ ಹೊರಗೆ ಹೋಗುತ್ತದೆ. ಡಿಸೈನ್ ಡ್ರಾಯಿಂಗ್ ಬಂದಾಗ ಮೊದಲು ಇದನ್ನೇ ಹುಡುಕಿ.

ಉಳಿದ ಬದಲಾವಣೆಗಳು ಮಣ್ಣಿನವು. ಈಗ ಒಳಬಾಯಿಯಿಂದ ರೈಸರ್ ತನಕ ನೇರವಾಗಿ ಒಂದು ಕಾಂಕ್ರೀಟ್ ಚರಂಡಿ ಇರಬೇಕು. ಹುಲ್ಲು ಕತ್ತರಿಸಲು ಅನುಕೂಲ ಅಂತ ಆಗ ಎಲ್ಲ ಕಡೆ ಹಾಕುತ್ತಿದ್ದರು. ಅದನ್ನು ಒಡೆದು ತೆಗೆಯಲೇಬೇಕು, ಯಾಕೆಂದರೆ ಕೊಳೆ ನೀರಿಗೆ ಅದು ಎಕ್ಸ್‌ಪ್ರೆಸ್ ರಸ್ತೆ. ಅದರ ಬದಲು ನೀರು ಕೊಳದೊಳಗೆ ಸುತ್ತಿ ಬಳಸಿ ಹೋಗುವಂತೆ ದಾರಿ ಉದ್ದ ಮಾಡುತ್ತಾರೆ. ಒಳಬಾಯಿಯ ಹತ್ತಿರ ಹೂಳು ಹಿಡಿಯಲು ಒಂದು ಮುಂಗುಂಡಿ ಬರುತ್ತದೆ, ನಮ್ಮ ಲೆಕ್ಕದ ಕೊಳಕ್ಕೆ ಸುಮಾರು 82 ಸಾವಿರ ಲೀಟರಿನದು. ಹೂಳೆಲ್ಲ ಒಂದೇ ಕಡೆ ಕೂತರೆ ಎತ್ತುವುದು ಸುಲಭ. ಅದಕ್ಕೆ ಲಾರಿ ಹೋಗುವ ದಾರಿ ಇದೆಯಾ ಎಂದು ಡ್ರಾಯಿಂಗ್‌ನಲ್ಲಿ ನೋಡಿ. ದಾರಿಯೇ ಇಲ್ಲದ ಮುಂಗುಂಡಿಯ ಹೂಳನ್ನು ಯಾರೂ ಎತ್ತುವುದಿಲ್ಲ. ಮುಂದಿನ ದಿನಗಳಲ್ಲಿ ಕೈ ಕಚ್ಚುವ ಖರ್ಚು ಹೂಳು ಸಾಗಿಸುವುದೇ.

ಇಲ್ಲಿಯ ತನಕ ಹೇಳಿದ್ದು ಯಾವ ಡ್ರೈ ಪಾಂಡ್‌ಗಾದರೂ ಹೊಂದುತ್ತದೆ. ನಿಮ್ಮದು ಪೇಂಟ್ ಬ್ರಾಂಚ್, ಅಲ್ಲಿ ವಿಷಯ ಬೇರೆ. ವಾಷಿಂಗ್ಟನ್ ನಗರದ ಇಷ್ಟು ಹತ್ತಿರ, ತಾನಾಗಿ ಮರಿ ಹಾಕಿ ಬದುಕುವ ಬ್ರೌನ್ ಟ್ರೌಟ್ ಮೀನು ಇರುವ ಹಳ್ಳ ಅದು. ಮೂಲತಃ ಯೂರೋಪಿನ ಮೀನು, ಯಾವಾಗಲೋ ತಂದು ಬಿಟ್ಟದ್ದು, ಈಗ ಅಲ್ಲಿನದೇ ಆಗಿದೆ. ಗುಡ್ ಹೋಪ್ ಅನ್ನುವ ಉಪಹಳ್ಳದ ಸುತ್ತ ಅದು ಮೊಟ್ಟೆ ಇಡುತ್ತದೆ. ಈ ಮೀನಿಗಾಗಿಯೇ ಮೇಲ್ಭಾಗದ ಪ್ರದೇಶವನ್ನು ವಿಶೇಷ ರಕ್ಷಣೆಯ ವಲಯ ಮಾಡಿದ್ದಾರೆ, ಹೊಸ ಕಟ್ಟಡಗಳಲ್ಲಿ ಡಾಂಬರು, ಮಾಡು ಇಷ್ಟೇ ಇರಬೇಕು ಎಂದು ಮಿತಿಯೂ ಇದೆ. ಟ್ರೌಟ್‌ಗೆ ತಣ್ಣೀರು ಬೇಕು. ಇಂಥ ಹಳ್ಳಗಳಿಗೆ ರಾಜ್ಯ ಇಟ್ಟಿರುವ ಮಿತಿ 68 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 20 ಸೆಲ್ಸಿಯಸ್.

ಜುಲೈ ಬಿಸಿಲಿನಲ್ಲಿ ತೆರೆದ ಕೊಳದ ನೀರು ಎಷ್ಟು ಕಾಯುತ್ತದೆ ಹೇಳಬೇಕಾಗಿಲ್ಲ. ರಂಜಕ ಶೇ. 45 ಹಿಡಿಯುತ್ತದೆ ಎಂದು ಆಸೆಪಟ್ಟು ದೊಡ್ಡ ನೀರುಕೊಳ ಮಾಡಿದರೆ, ಅದರಿಂದ ಹೊರಗೆ ಬರುವ ಬೆಚ್ಚನೆ ನೀರೇ ಮೀನನ್ನು ಓಡಿಸುತ್ತದೆ. ಹಾಗಾಗಿ ಟ್ರೌಟ್ ಹಳ್ಳಗಳ ಮೇಲೆ ತಡೆಯುವ ಸಮಯವನ್ನೂ ನಿಯಮ ಕಡಿಮೆ ಮಾಡಿದೆ. ಬೇರೆ ಕಡೆ ವರ್ಷಕ್ಕೊಮ್ಮೆ ಬರುವ ಮಳೆಯನ್ನು, ಅಂದರೆ 2.6 ಇಂಚನ್ನು, 24 ಗಂಟೆ ತಡೆದು ಬಿಡಬೇಕು. ಟ್ರೌಟ್ ಇರುವಲ್ಲಿ 12 ಗಂಟೆ. ಮೇಲೆ ನಾನು 12 ಗಂಟೆಯ ಲೆಕ್ಕ ಹಾಕಿದ್ದು ಅದಕ್ಕೇ.

ನಿಮ್ಮ ಜಾಗಕ್ಕೆ ನಾನು ಮೊದಲು ಕೇಳುವುದು ಜಲ್ಲಿ ಜೌಗನ್ನು. ಮೇಲೆ ಗಿಡ, ಕೆಳಗೆ ಎರಡಡಿಯಷ್ಟು ಜಲ್ಲಿ, ಜಲ್ಲಿಯೊಳಗೆ ಸದಾ ನೀರು. ಮಳೆನೀರು ಬಿಸಿಲಿಗೆ ಬೀಳದೆ ಜಲ್ಲಿಯ ನಡುವೆ ಅಡ್ಡಡ್ಡ ಹರಿದು ಹೊರಗೆ ಹೋಗುತ್ತದೆ. ಗಾಳಿಯಿಲ್ಲದ ಆ ಜಲ್ಲಿಯಲ್ಲಿ ಬದುಕುವ ಬ್ಯಾಕ್ಟೀರಿಯಾ ನೀರಿನ ನೈಟ್ರೇಟನ್ನು ಮುರಿದು ಸಾರಜನಕವನ್ನು ಗಾಳಿಗೆ ಬಿಡುತ್ತವೆ. ಅದಕ್ಕೆ ಜಾಗ ಅಥವಾ ಮಟ್ಟ ಹೊಂದದಿದ್ದರೆ, ತಡೆದು ಬಿಡುವ ಕೊಳವೇ ಇರಲಿ, ರೈಸರ್ ಮುಂದೆ ಪುಟ್ಟ ಗುಂಡಿ ಮಾತ್ರ, ದಕ್ಷಿಣ ಮತ್ತು ಪಶ್ಚಿಮಕ್ಕೆ ನೆರಳು ಕೊಡುವ ಮರ. ‘ಕೊಳದ ಸುತ್ತ ವಾಕಿಂಗ್, ನಡುವೆ ಕಾರಂಜಿ’ ಅಂತ ಯಾರಾದರೂ ಚಿತ್ರ ತಂದರೆ ದಯವಿಟ್ಟು ಬೇಡ ಅನ್ನಿ.

ಮರ ಅಂದ ಮೇಲೆ, ಏರಿಯ ಮೇಲೆ ಮರ ಬೇಡವೇ ಬೇಡ. ಇದರಲ್ಲಿ ರಾಜಿ ಇಲ್ಲ. ಮರ ಸತ್ತ ಮೇಲೆ ಕೊಳೆತ ಬೇರು ಏರಿಯೊಳಗೆ ಸುರಂಗ ಆಗುತ್ತದೆ. ಈಗ ಬೆಳೆದಿರುವುದನ್ನು ಕಡಿಯುತ್ತಾರೆ, ಬಡಾವಣೆಯಲ್ಲಿ ಅತಿ ಹೆಚ್ಚು ಜಗಳ ಆಗುವುದು ಅದಕ್ಕೇ. ಮುಂಚೆಯೇ ಎಲ್ಲರಿಗೂ ಹೇಳಿಬಿಡಿ.

ಸೊಳ್ಳೆ. ಸೊಳ್ಳೆಯ ಮರಿ ನೀರಿನಲ್ಲಿ ಬೆಳೆದು ಹಾರಲು ಬೇಸಿಗೆಯಲ್ಲೂ ಒಂದು ವಾರದ ಹತ್ತಿರ ಬೇಕು. 12 ಗಂಟೆ ನಿಂತು ಹೋಗುವ ನೀರಿನಲ್ಲಿ ಅದಕ್ಕೆ ಸಮಯವೇ ಸಿಗುವುದಿಲ್ಲ. ಹಳೆಯ ಡ್ರೈ ಪಾಂಡ್‌ಗಳಲ್ಲೇ ಸೊಳ್ಳೆ ಜಾಸ್ತಿ, ಯಾಕೆಂದರೆ ಕುಸಿದ ಚರಂಡಿಯ ಪಕ್ಕ, ಹುಲ್ಲು ಕತ್ತರಿಸುವ ಗಾಡಿಯ ಚಕ್ರದ ಗುರುತಿನಲ್ಲಿ ನಾಲ್ಕು ಬೆರಳು ನೀರು ವಾರಗಟ್ಟಲೆ ನಿಂತಿರುತ್ತದೆ. ಅಲ್ಲಿ ಮೀನಿಲ್ಲ, ಕೊಡತಿಹುಳುವೂ ಇಲ್ಲ. ರೈಸರ್ ಮುಂದಿನ ಪುಟ್ಟ ಗುಂಡಿ ಆಳ ಇದ್ದರೆ, ಕಪ್ಪೆ, ಕೊಡತಿಹುಳು ಬಂದು ಸೇರಿದರೆ ತಾಪತ್ರಯ ಕಡಿಮೆ. ಗುಂಡಿಯ ಅಂಚಿಗೆ ಇಳಿಜಾರಿನ ಬದಲು ಅಗಲವಾದ ಮೊಣಕಾಲುದ್ದ ನೀರಿನ ಮೆಟ್ಟಿಲು ಇರಲಿ, ಮಗು ಕಾಲು ಜಾರಿದರೂ ಆಳಕ್ಕೆ ಹೋಗುವುದಿಲ್ಲ. ಅದರಲ್ಲಿ ಎತ್ತರದ ಗಿಡ ಬೆಳೆದರೆ ಹೆಬ್ಬಾತುಗಳೂ ಬಂದು ಕೂರುವುದಿಲ್ಲ.

ಇನ್ನು ನಿಮ್ಮ ನೆರೆಯವರ ನಿಜವಾದ ಭಯ. ಕೊಳದ ತಳದಲ್ಲಿ ಸಣ್ಣ ಮಳೆಯ ನೀರು ತಡೆದರೆ ದೊಡ್ಡ ಮಳೆಗೆ ಜಾಗ ಕಡಿಮೆ ಆಗುವುದಿಲ್ಲವಾ? ಆಗುತ್ತದೆ. ಇದು ಸರಿಯಾದ ಪ್ರಶ್ನೆ, ಉತ್ತರ ಲೆಕ್ಕದಲ್ಲೇ ಬರಬೇಕು. ತಳ ಅಗೆದು ಜಾಗ ಮಾಡಬಹುದು, ಅಥವಾ ಹಳೆಯ ಕೊಳದಲ್ಲಿ ಮೊದಲೇ ಹೆಚ್ಚುವರಿ ಜಾಗ ಇರಬಹುದು. ಎಂಜಿನಿಯರನ್ನು ಕೇಳಿ: ಯಾವ ಮಳೆಯ ಅಂಕಿ ಹಾಕಿದ್ದೀರಿ? ನಿಮ್ಮ ಕೊಳ ಕಟ್ಟಿದಾಗ ಬಳಸುತ್ತಿದ್ದದ್ದು 1961ರ ಟಿಪಿ-40 ಅನ್ನುವ ಮಳೆ ನಕ್ಷೆಗಳು. ಈ ಭಾಗಕ್ಕೆ ಅಮೆರಿಕದ ಹವಾಮಾನ, ಸಾಗರ ಸಂಸ್ಥೆ ನೋವಾದ ಹೊಸ ಮಳೆ ಅಂಕಿಗಳು, ಅಟ್ಲಾಸ್ 14, ಬಂದದ್ದು 2004ರಲ್ಲಿ. ಅದಾದ ಮೇಲೂ ಮಳೆ ಸುಮ್ಮನೆ ಕೂತಿಲ್ಲ. ಪಕ್ಕದ ಹೋವರ್ಡ್ ಕೌಂಟಿಯ ಎಲಿಕಾಟ್ ಸಿಟಿಯಲ್ಲಿ 2016ರ ಜುಲೈನಲ್ಲಿ ಸುಮಾರು ಎರಡು ಗಂಟೆಯಲ್ಲಿ 6 ಇಂಚಿನಷ್ಟು ಸುರಿದು ಪೇಟೆ ಬೀದಿ ಕೊಚ್ಚಿ ಹೋಯಿತು, ಇಬ್ಬರು ಸತ್ತರು. 2018ರ ಮೇ ತಿಂಗಳಲ್ಲಿ ಮತ್ತೆ ಅದೇ. ಹಾಗಾಗಿ ‘ಇಷ್ಟು ವರ್ಷ ಬಂದಿಲ್ಲ’ ಅನ್ನುವುದನ್ನು ನಂಬಿ ಕೋಡಿಯನ್ನು ಹಳೆಯ ಅಳತೆಯಲ್ಲೇ ಬಿಡುವುದು ಜಾಣತನ ಅಲ್ಲ. ನೂರು ವರ್ಷದ ಮಳೆ ಏರಿಯ ಮೇಲೆ ಹತ್ತದೆ ಕೋಡಿಯಲ್ಲಿ ಹೋಗುತ್ತದೆ ಎಂದು ಬರೆದು ಕೊಡಲಿ.

ಕೊಳದಿಂದ ಆಗದ ಕೆಲಸವೂ ಇದೆ. ಉಪ್ಪು. ಚಳಿಗಾಲದಲ್ಲಿ ರಸ್ತೆಗೆ, ಡ್ರೈವ್‌ವೇಗೆ ಎರಚುವ ಉಪ್ಪು ನೀರಿನಲ್ಲಿ ಕರಗಿ ಯಾವ ಕೊಳವನ್ನಾದರೂ ದಾಟಿ ಹೋಗುತ್ತದೆ. ಜಲಚರಗಳಿಗೆ ಇಪಿಎ ಹೇಳುವ ದೀರ್ಘಾವಧಿ ಮಿತಿ ಲೀಟರಿಗೆ 230 ಮಿಲಿಗ್ರಾಂ ಕ್ಲೋರೈಡ್. ಐದು ಗ್ಯಾಲನ್ ನೀರು ಈ ಮಿತಿ ಮುಟ್ಟಲು ಒಂದು ಟೀ ಚಮಚ ಉಪ್ಪು ಸಾಕು. ನಿಮ್ಮ ಎಚ್‌ಒಎ ಸ್ನೋ ತೆಗೆಯುವ ಕಂಟ್ರಾಕ್ಟ್‌ನಲ್ಲಿ ಉಪ್ಪಿಗೆ ಮಿತಿ ಬರೆಯುವುದು ಈ ರಿಟ್ರೋಫಿಟ್‌ಗಿಂತ ಅಗ್ಗ, ಮುಂದಿನ ಚಳಿಗಾಲಕ್ಕೇ ಮಾಡಬಹುದು.

ಹಳ್ಳದ ದಂಡೆಯನ್ನೂ ಜೊತೆಗೇ ಕಟ್ಟಿಬಿಡೋಣವಾ ಎಂದು ಯಾರಾದರೂ ಕೇಳುತ್ತಾರೆ. ಮೇಲಿನ ನೀರು ಸರಿ ಮಾಡದೆ ಕೆಳಗೆ ಕಲ್ಲು ಜೋಡಿಸಬೇಡಿ. ದಂಡೆ ಕಟ್ಟಲು ಯಂತ್ರ ಇಳಿಸಬೇಕು, ಯಂತ್ರಕ್ಕೆ ದಾರಿ ಬೇಕು, ದಾರಿಗೆ ನೆರಳು ಕೊಡುತ್ತಿದ್ದ ಮರ ಬೀಳಬೇಕು. ಟ್ರೌಟ್ ಹಳ್ಳದಲ್ಲಿ ಇದು ಸಣ್ಣ ವಿಷಯ ಅಲ್ಲ. ಮೇಲೆ ಕೊಳ ಸರಿ ಮಾಡಿ ಕೆಲವು ವರ್ಷ ನೋಡಿ, ಆಮೇಲೂ ಕುಸಿಯುವ ಜಾಗ ಮಾತ್ರ ಕಟ್ಟಿ. ನಿಮ್ಮ ಕೌಂಟಿಯ ಸ್ಲೈಗೊ ಕ್ರೀಕ್‌ನಲ್ಲಿ ಇದೇ ಕ್ರಮ ಇತ್ತು. 1990ರ ಆಸುಪಾಸಿನಲ್ಲಿ ಮೇಲ್ಭಾಗದ ವೀಟನ್ ಬ್ರಾಂಚ್‌ನಲ್ಲಿ ಮೂರು ಭಾಗದ ದೊಡ್ಡ ಕೊಳ ಮಾಡಿದರು, ಆಮೇಲೆ ಕೆಳಗಿನ ಹಳ್ಳ ಸರಿಪಡಿಸಿದರು, ಆಮೇಲೆ ಈ ಭಾಗದ್ದೇ ಮೀನುಗಳನ್ನು ತಂದು ಬಿಟ್ಟರು. ಎರಡು ಮೂರು ಜಾತಿ ಮಾತ್ರ ಉಳಿದಿದ್ದ ಹಳ್ಳದಲ್ಲಿ ಮತ್ತೆ ಹಲವು ಜಾತಿ ನೆಲೆಯಾದವು.

ಆದರೂ ಒಂದು ಕೊಳದಿಂದ ಹಳ್ಳ ಕಾಡಿನ ಕಾಲಕ್ಕೆ ಮರಳುತ್ತದೆ ಎಂದು ಯಾರಿಗೂ ಮಾತು ಕೊಡಬೇಡಿ. ನಿಮ್ಮದೇ ಕೌಂಟಿಯ ಕ್ಲಾರ್ಕ್ಸ್‌ಬರ್ಗ್‌ನಲ್ಲಿ ಅಮೆರಿಕದ ಭೂವಿಜ್ಞಾನ ಸಮೀಕ್ಷೆ ಯುಎಸ್‌ಜಿಎಸ್‌ನ ವಿಜ್ಞಾನಿಗಳು ವರ್ಷಗಟ್ಟಲೆ ಹಳ್ಳಗಳ ಹರಿವು ಅಳೆದಿದ್ದಾರೆ. ಒಂದೇ ದೊಡ್ಡ ಕೊಳ ಇರುವ ಕಡೆಗಿಂತ, ಮನೆಮನೆಯ ಹತ್ತಿರ ಸಣ್ಣ ಸಣ್ಣ ಇಂಗುಗುಂಡಿ, ಮಳೆತೋಟ ಹರಡಿರುವ ಕಡೆ ಸಣ್ಣ ಮಳೆಯನ್ನು ಚೆನ್ನಾಗಿ ತಡೆದದ್ದು ಕಂಡಿದೆ. ಅಲ್ಲಿಯೂ ಹಳ್ಳ ಪೂರ್ತಿ ಮೊದಲಿನಂತೆ ಆಗಿಲ್ಲ. ಹಾಗಾಗಿ ಕೊಳದ ಜೊತೆಗೆ ಮಾಡಿನ ನೀರು ಡ್ರೈವ್‌ವೇಗೆ ಬೀಳುವುದನ್ನು ತಪ್ಪಿಸಿ ಗಿಡಗಳ ಪಾತಿಗೆ ತಿರುಗಿಸಿದರೆ ಲಾಭ ಜಾಸ್ತಿ. ಕೌಂಟಿಯ ರೈನ್‌ಸ್ಕೇಪ್ಸ್ ಕಾರ್ಯಕ್ರಮದಲ್ಲಿ ಇದಕ್ಕೆ ಹಣ ವಾಪಸ್ ಕೊಡುತ್ತಾರೆ.

ಹಣದ ಮಾತು. ನೀವು ಆಸ್ತಿ ತೆರಿಗೆ ಬಿಲ್ಲಿನಲ್ಲಿ ವಾಟರ್ ಕ್ವಾಲಿಟಿ ಪ್ರೊಟೆಕ್ಷನ್ ಚಾರ್ಜ್ ಅಂತ ಕಟ್ಟುತ್ತಿದ್ದೀರಿ, ಈ ಕೆಲಸಗಳಿಗೆ ಬರುವುದು ಅದೇ ದುಡ್ಡು. ಇಂಥ ಶುಲ್ಕವನ್ನು 2012ರಲ್ಲಿ ರಾಜ್ಯ ಹತ್ತು ಕಡೆ ಕಡ್ಡಾಯ ಮಾಡಿದಾಗ ಜನ ‘ಮಳೆಗೂ ತೆರಿಗೆ’ ಎಂದು ಗೇಲಿ ಮಾಡಿದರು, 2014ರ ಗವರ್ನರ್ ಚುನಾವಣೆಯಲ್ಲಿ ಅದೇ ದೊಡ್ಡ ವಿಷಯ ಆಯಿತು, 2015ರಲ್ಲಿ ಕಡ್ಡಾಯ ತೆಗೆದರು. ನಿಮ್ಮ ಕೌಂಟಿಯಲ್ಲಿ ಮುಂಚಿನಿಂದಲೂ ಇತ್ತು, ಈಗಲೂ ಇದೆ. ಎಚ್‌ಒಎ ತನ್ನ ಕೊಳವನ್ನು ಕೌಂಟಿಯ ನಿರ್ವಹಣೆಗೆ ಒಪ್ಪಿಸಿದ್ದರೆ ಪೈಪ್, ರೈಸರ್, ಏರಿ, ಹೂಳಿನ ಕೆಲಸ ಕೌಂಟಿಯದು, ಹುಲ್ಲು ಮತ್ತು ಕಸ ನಿಮ್ಮದು. ಒಪ್ಪಿಸಿಲ್ಲದಿದ್ದರೆ ಎಲ್ಲ ನಿಮ್ಮ ತಲೆ ಮೇಲೆ. ಬೋರ್ಡಿನ ಹಳೆಯ ಫೈಲಿನಲ್ಲಿ, ಅಥವಾ ಆಸ್ತಿ ದಾಖಲೆಯಲ್ಲಿ ಆ ಒಪ್ಪಂದ ಇದೆಯಾ ಎಂದು ಮೊದಲು ಹುಡುಕಿ, ಆಮೇಲೆ ಮೀಟಿಂಗ್ ಕರೆಯಿರಿ.

ಕಾಲದ ಲೆಕ್ಕವನ್ನೂ ಈಗಲೇ ಕೇಳಿ. ಟ್ರೌಟ್ ಹಳ್ಳದೊಳಗೆ ಅಕ್ಟೋಬರ್ 1ರಿಂದ ಏಪ್ರಿಲ್ 30ರ ತನಕ ಕೆಲಸ ಮಾಡುವ ಹಾಗಿಲ್ಲ, ಮೊಟ್ಟೆ, ಮರಿಗಳ ಕಾಲ ಅದು. ಪೈಪಿನ ಹೊರಬಾಯಿ ಹಳ್ಳದಲ್ಲೇ ಇದ್ದರೆ ಆ ಭಾಗದ ಕೆಲಸಕ್ಕೆ ಉಳಿಯುವುದು ಮೇ ತಿಂಗಳಿಂದ ಸೆಪ್ಟೆಂಬರ್, ಗುಡುಗು ಮಳೆಯ ತಿಂಗಳುಗಳೇ. ಏರಿ ಅಗೆದಿಟ್ಟಾಗ ಮಳೆ ಬಂದರೆ ನೀರನ್ನು ಯಾವ ಪಂಪಿನಲ್ಲಿ, ಯಾವ ದಾರಿಯಲ್ಲಿ ಸಾಗಿಸುತ್ತೀರಿ ಎಂದು ಗುತ್ತಿಗೆದಾರರು ಬರೆದು ತೋರಿಸಬೇಕು. ಪರ್ಮಿಟ್‌ಗಳಿಗೆ ತಿಂಗಳುಗಟ್ಟಲೆ ಹಿಡಿಯುವುದರಿಂದ ಈ ಬೇಸಿಗೆ ತಪ್ಪಿದರೆ ಮುಂದಿನ ಬೇಸಿಗೆಯೇ. ಅಲ್ಲಿಯ ತನಕ ಅರ್ಧ ಇಂಚು ಮಳೆ ಬಂದಾಗಲೆಲ್ಲ ಒಬ್ಬರು ಛತ್ರಿ ಹಿಡಿದು ಹೋಗಿ, ಮಳೆ ನಿಂತ ಎಷ್ಟು ಹೊತ್ತಿಗೆ ಕೊಳ ಖಾಲಿ ಆಯಿತು ಎಂದು ಬರೆದಿಡಿ, ಒಂದೇ ಜಾಗದಿಂದ ದಂಡೆಯ ಫೋಟೋ ತೆಗೆಯಿರಿ. ಎಂಜಿನಿಯರಿಗೆ ಆ ಪಟ್ಟಿ ಕೊಟ್ಟರೆ ತೂತಿನ ಅಳತೆ ಇಡಲು ಸಹಾಯ ಆಗುತ್ತದೆ.